ಗೇಟಿನಲ್ಲಿ ಹಾಡಿದ ಪದ್ಯ

ಮ್ಯಾನೇಜರ್ ರವಿಚಂದ್ರ ಸಾಹೇಬರ ಸನ್ನಿಧಾನಕ್ಕೆ,

ಕುಡುಮಲಕುಂಟೆ ಕಾರ್ಖಾನೆಯ ಗೇಟು ಕಾಯುವ ವೆಂಕಟರಾಯಪ್ಪ ಮಾಡುವ ವಿಜ್ಞಾಪನೆ.

ಸೋಮವಾರ ಹೊರಗಿನವರು ಯಾರೂ ಬರಲಿಲ್ಲವೆಂದು ನಿಮ್ಮೆದುರು ಎದೆ ತಟ್ಟಿ ಹೇಳಿದೆನಲ್ಲ, ಅದು ಸುಳ್ಳು! ಒಬ್ಬ ಬಂದಿದ್ದ, ಕಂಪ್ಯೂಟರ್ ರಿಪೇರಿಯವನಂತೆ. ನಾನು ಗುರುತಿನ ಚೀಟಿ ಕೇಳುವ ಮೊದಲೇ, "ಅಣ್ಣಾ, ನಗರಗೆರೇಲಿ ನಿಮ್ಮ ದುರ್ಯೋಧನನ ಪಾರ್ಟು ನೋಡಿದೀನಿ. ಒಂದು ಪದ್ಯ ಆಗ್ಲಿ!" ಅಂದ. ಕಣ್ಣು ಮುಚ್ಚಿ ಆಲಾಪ ಎತ್ತಿದೆ. ಚಪ್ಪಾಳೆ ತಟ್ಟಿ "ಒನ್ಸ್ ಮೋರ್!" ಅಂದ. ಮತ್ತೆ ಎತ್ತಿದೆ. ಕಣ್ಣು ತೆರೆದಾಗ ಅವನು ಆಫೀಸಿನೊಳಗಿದ್ದ.

ಆಪರೇಟರ್ ಶೈಲಜಾ ಓಡಿ ಬಂದಳು. "ಯಾರಣ್ಣಾ ಅದು? ಐಡಿ ಕಾರ್ಡ್ ನೋಡಿದ್ರಾ?"

"ಕಲೆ ಬಲ್ಲ ಮನುಷ್ಯ ಕಣಮ್ಮಾ, ಸುಮ್ನಿರು!" ಎಂದು ಗದರಿದೆ. ಅಷ್ಟರಲ್ಲಿ ಅವನು ಅವಳ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ ಗಿರಾಕಿಗಳ ವಿವರವನ್ನೆಲ್ಲ ಕದ್ದಿದ್ದ. ಅವಳು ನಿಮಗೆ ನಿಜವನ್ನೇ ಹೇಳಿದಳು. ನೀವು ನನ್ನನ್ನು ನಂಬಿ ಅವಳನ್ನು ಕೆಲಸದಿಂದ ತೆಗೆದಿರಿ.

ನನ್ನ ಯೂನಿಫಾರ್ಮು, ಕೀಲಿಗೊಂಚಲು ಈ ಪತ್ರದ ಜೊತೆಗಿವೆ. ಅವನ ಮುಖ ಹೇಗಿತ್ತೆಂದು ಪೊಲೀಸರು ಕೇಳಿದರೆ ನಾನು ಹೇಳಲಾರೆ. ನನಗೆ ಚಪ್ಪಾಳೆಯಷ್ಟೇ ನೆನಪಿದೆ. ಮುಖ ನೋಡಿದವಳು ಶೈಲಜಾ. ಅವಳನ್ನು ಕರೆಸಿ, ಕುರ್ಚಿ ಕೊಟ್ಟು ಕೇಳಿ.

ತಲೆ ಬಾಗಿ,
ವೆಂಕಟರಾಯಪ್ಪ