ಬಾಗಿಲು ತೆಗೆಯಬಾರದ ಸಿನಿಮಾ

ದೊಡ್ಡನೆಕ್ಕುಂದಿ
12 ಫೆಬ್ರವರಿ 2025, ಬುಧವಾರ

ಹಂಸಕ್ಕಾ,

ಹೋದ ಯುಗಾದಿಯ ದಿನ ನೀನು ಬಾಗಿಲು ತಟ್ಟಿದಾಗ ಅಪ್ಪ, ಅಮ್ಮ, ನಾನು ಮೂವರೂ ಒಳಗೇ ಇದ್ದೆವು. ಒಬ್ಬಟ್ಟು ತಿನ್ನುತ್ತಿದ್ದೆವು. ಯಾರೂ ಏಳಲಿಲ್ಲ. ಅದು ಅನ್ಯಾಯ, ಅದರಲ್ಲಿ ನಾನೂ ಇದ್ದೆ. ನಿನ್ನ ತಲೆನೋವು ಈಗ ಹೇಗಿದೆ? ರಾಮಮೂರ್ತಿ ನಗರದ ಆ ರೂಮಿಗೆ ಬಿಸಿಲಾದರೂ ಬೀಳುತ್ತದೆಯೇ? ನನ್ನ ನಂಬರನ್ನೂ ಬ್ಲಾಕ್ ಮಾಡಿದ್ದೀಯ, ಸರಿಯಾಗಿಯೇ ಮಾಡಿದ್ದೀಯ. ಅದಕ್ಕೇ ಈ ಕಾಗದ.

ಜಮೀನಿನಲ್ಲಿ ಪಾಲು ಬೇಡವೆಂಬ ಪತ್ರಕ್ಕೆ ಸಹಿ ಹಾಕಲು ಅಪ್ಪ ಹೇಳಿದ್ದು, ನೀನು ಹಾಕದೆ ಮನೆ ಬಿಟ್ಟದ್ದು, ಎಲ್ಲವನ್ನೂ ಕರಪತ್ರ ಮಾಡಿ ಹಂಚಬೇಕೆಂದಿದ್ದೆ. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಬಗ್ಗೆ ನನ್ನ ಹತ್ತಿರ ಒಂಬತ್ತು ಕಿರುಹೊತ್ತಿಗೆಗಳಿವೆ. ಅಷ್ಟು ಓದಿದವನು ಅವತ್ತು ನಾಲ್ಕು ಹೆಜ್ಜೆ ನಡೆದು ಚಿಲಕ ತೆಗೆಯಲಿಲ್ಲ. ಕೊನೆಗೆ ಗೆಳತಿ ಶಾಂಭವಿಯ ಜೊತೆ ಸೇರಿ ಅದನ್ನೇ ಹನ್ನೆರಡು ನಿಮಿಷದ ಹಾರರ್ ಸಿನಿಮಾ ಮಾಡಲು ಹೊರಟೆ. ನೋಡಲು ಹತ್ತು ಜನವೂ ಸಿಗಲಾರರು. ದೆವ್ವವಿಲ್ಲ, ರಕ್ತವಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟುತ್ತಲೇ ಇರುತ್ತಾರೆ, ಮನೆಯವರು ಉಣ್ಣುತ್ತಲೇ ಇರುತ್ತಾರೆ, ಅಷ್ಟೇ. ನಟರನ್ನು ಎಲ್ಲಿಂದ ತರುವುದು? ಅಪ್ಪ ಅಮ್ಮನನ್ನೇ ಕೂರಿಸಿದೆ. ‘ಡೈಲಾಗಿಲ್ಲ ತಾನೇ? ಸರಿ’ ಎಂದು ಅಪ್ಪ ಒಪ್ಪಿದ.

ಕಳೆದ ಭಾನುವಾರ ಶೂಟಿಂಗ್. ಶಾಂಭವಿ ಹೊರಗಿನಿಂದ ತಟ್ಟಿದಳು. ಅಪ್ಪ ಎದ್ದು ಹೋಗಿ ಬಾಗಿಲು ತೆಗೆದುಬಿಟ್ಟ. ‘ಅಂಕಲ್, ತೆಗೀಬಾರ್ದು! ಅದೇ ಸಿನಿಮಾ!’ ಎಂದು ಅವಳು ಕಿರುಚಿದಳು. ಎರಡನೇ ಸಲವೂ ತೆಗೆದ. ಮೂರನೇ ಸಲ ತೆಗೆದಾಗ ಅವನಿಗೇ ಸಿಟ್ಟು ಬಂತು: ‘ಯಾರೋ ಬಂದವ್ರೆ ಕಣಮ್ಮ. ಒಳಗೆ ಕೂತ್ಕೊಂಡು ಮುದ್ದೆ ನುಂಗಕ್ಕಾಯ್ತದಾ?’ ಅಮ್ಮ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು: ‘ಯುಗಾದಿ ದಿನ ಒಬ್ಬಟ್ಟು ನುಂಗ್ಲಿಲ್ವಾ?’

ಅಪ್ಪ ಎಂಜಲು ಕೈಯಲ್ಲೇ ಬಾಗಿಲಲ್ಲಿ ನಿಂತ. ನಾನು ಕ್ಯಾಮೆರಾ ಆಫ್ ಮಾಡಿದೆ. ಒಂಬತ್ತು ಪುಸ್ತಕಗಳೂ ಬಾಯಿಗೆ ಬಂದವು, ತಡೆದುಕೊಂಡೆ. ಸಂಜೆ ಅವನೇ ಬಂದು ಕೇಳಿದ: ‘ಲೇ, ನಿಮ್ಮಕ್ಕ ಅವತ್ತು ಎಷ್ಟೊತ್ತು ನಿಂತಿದ್ಲು?’ ಗೊತ್ತಿಲ್ಲ ಎಂದೆ. ‘ಅವಳನ್ನೇ ಕೇಳ್ಬೇಕು’ ಎಂದ. ಸಿನಿಮಾ ಅಲ್ಲಿಗೇ ನಿಂತಿದೆ. ಅಪ್ಪ ಮೂರು ಸಲ ಬಾಗಿಲು ತೆಗೆದದ್ದಷ್ಟೇ ಇದೆ. ಅದನ್ನೇ ಇಟ್ಟುಕೊಳ್ಳೋಣ ಎನ್ನುತ್ತಾಳೆ ಶಾಂಭವಿ.

ಅಮ್ಮ ನಿನ್ನನ್ನು ಕೇಳಿದಳೆಂದು ತಿಳಿಸುತ್ತಾ, ಬೈದರೆ ಬೈಸಿಕೊಳ್ಳುವ ನಿನ್ನ ತಮ್ಮ
ಸೂರ್ಯ

ಮರೆತಿದ್ದೆ: ಪಾಲು ಬೇಡವೆಂಬ ಆ ಪತ್ರವನ್ನು ಅಪ್ಪ ಇನ್ನೂ ಹರಿದಿಲ್ಲ, ನಿನ್ನೆದುರೇ ಹರಿಯುತ್ತಾನಂತೆ. ನಾನು ಬರುವುದಿಲ್ಲ, ಅವನೊಬ್ಬನೇ ಬರುತ್ತಾನೆ. ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ತಿರ, ಫೆಬ್ರವರಿ 23, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.