ಸೀಲು ಬೀಳದ ಕುರಿ

ಅಪ್ಪಾ,

ಹೋದ ವಾರ ಹೊಸಹೊಳಲಿನ ಬೋರೇಗೌಡರ ಮನೆಯಲ್ಲಿ ಮತ್ತೆ ಬೀಗರೂಟಕ್ಕೆ ಅಡುಗೆ ಮಾಡಿ ಬಂದೆ. ಹೌದು, ಅದೇ ಮನೆ, ಅದೇ ಹಿತ್ತಿಲು, ನಿನ್ನ ತಲೆ ಒಡೆದ ಜಾಗ. 'ಥೂ, ಯಾಕಮ್ಮಿ ಓದೆ ಅಲ್ಲಿಗೆ' ಅಂತ ನೀನು ಅಲ್ಲಿಂದಲೇ ಹಲ್ಲು ಕಡಿಯುತ್ತಿರುತ್ತೀಯ. ಕಡಿ. ನೀನು ಸತ್ತಾಗಿನಿಂದ ಈ ಸೀಮೆಯವರು ನಿನ್ನನ್ನು ಬೀಗರ ಬಾಡು ಕದ್ದವನು ಅಂದರು. ಅದನ್ನು ಕೇಳಿಸಿಕೊಂಡು ನಾಗಮಂಗಲದಲ್ಲಿ ಹೋಟೆಲು ನಡೆಸಿದವಳು ನಾನು, ನೀನಲ್ಲ. ಆ ಮಾತು ಅಳಿಸಬೇಕು ಅಂತಲೇ ಹೋದೆ. ಅಲ್ಲಿ ಏನಾಯಿತು ಅಂತ ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ ನಿನ್ನ ಜೊತೆ ಆಡುವ ಜಗಳ ಬಾಕಿ ಇದೆ.

ನನಗೆ ಬುದ್ಧಿ ಬಂದಾಗಿನಿಂದ ಕಂಡದ್ದು ನಿನ್ನ ಕೈ. ಭಾನುವಾರ ಬೆಳಿಗ್ಗೆ ನೀನು ಹೋಟೆಲಿನ ಹಿತ್ತಿಲಲ್ಲಿ ಕುರಿಮರಿಯನ್ನು ಮಂಡಿ ಕೆಳಗೆ ಒತ್ತಿ ಹಿಡಿದು ಕುತ್ತಿಗೆಗೆ ಮಚ್ಚು ಎಳೆಯುತ್ತಿದ್ದೆ. ರಕ್ತ ಬಸ್ ಸ್ಟ್ಯಾಂಡಿನ ಚರಂಡಿವರೆಗೂ ಹರಿಯುತ್ತಿತ್ತು. ಅದೇ ಕೈಯಲ್ಲಿ ಉಪ್ಪು ಜಾಸ್ತಿ ಹಾಕಿದ ಅಡುಗೆ ಭಟ್ಟನಿಗೆ ಸೌಟಿನಲ್ಲಿ ಬಾರಿಸುತ್ತಿದ್ದೆ. ಬಾಡು ಬೆಂದಿಲ್ಲ ಅಂದ ಗಿರಾಕಿಯನ್ನು ಬೆಂಚಿನಿಂದ ಎಳೆದು ರಸ್ತೆಗೆ ನೂಕುತ್ತಿದ್ದೆ. ಅವ್ವನಿಗೆ ಒಂದು ಕಿವಿ ಇವತ್ತಿಗೂ ಕೇಳಿಸುವುದಿಲ್ಲ, ಗೊತ್ತಾ ನಿನಗೆ? ಜನ ನಿನ್ನ ಸಾರಿಗೆ ಬರುತ್ತಿದ್ದರೋ, ನಿನ್ನ ಜಗಳ ನೋಡಲು ಬರುತ್ತಿದ್ದರೋ, ನನಗಂತೂ ತಿಳಿಯಲಿಲ್ಲ. ಕೆಂಪಣ್ಣನ ಹೋಟ್ಲು ಅಂದರೆ ಎರಡೂ ಸಿಗುತ್ತಿತ್ತು.

ಹೆಲ್ತ್ ಇನ್ಸ್‌ಪೆಕ್ಟರು ಮೊದಲ ಸಲ ಬಂದ ದಿನ ನೆನಪಿದೆಯಾ? ತೆಳ್ಳಗಿನ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದಿದ್ದ. ಹೋಟೆಲಿಗೆ ಲೈಸೆನ್ಸ್ ಇಲ್ಲ, ಮಾಡಿಸಿಕೊಳ್ಳಿ, ಹಿತ್ತಿಲಲ್ಲಿ ಕುರಿ ಕುಯ್ಯುವ ಹಾಗಿಲ್ಲ, ಕಸಾಯಿಖಾನೆಗೆ ಹೊಡೆದುಕೊಂಡು ಬನ್ನಿ, ದನದ ಡಾಕ್ಟರು ನೋಡಿ ತೊಡೆಗೆ ಸೀಲು ಒತ್ತಿದ ಮೇಲೆ ಅಡುಗೆ ಮಾಡಿ ಅಂತ ಮೆಲ್ಲಗೇ ಹೇಳಿದ. ನೀನು ಅವನ ಕಾಲರ್ ಹಿಡಿದು ನೀರಿನ ಡ್ರಮ್ಮಿಗೆ ಒತ್ತಿದೆ. 'ನನ್ ಕುರಿಗೆ ಸೀಲ್ ಒತ್ತಕ್ಕೆ ನೀನ್ಯಾವನ್ಲಾ?' ಅಂತ ಕೇಳಿ, ಒಲೆ ಮೇಲಿದ್ದ ಕುದಿನೀರನ್ನು ಅವನ ಬರಿಗಾಲಿಗೆ ಸುರಿದೆ. ಅವನು ಕಿರುಚಿದ್ದು ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಫೋನು ಮಾಡುತ್ತಿದ್ದವರಿಗೂ ಕೇಳಿಸಿತು. ಪೊಲೀಸರು ಬಂದು ನಿನ್ನನ್ನು ಒದ್ದು ಜೀಪಿಗೆ ಹಾಕಿದರು, ಹೋಟೆಲಿಗೆ ಬೀಗ ಬಿತ್ತು. ತಪ್ಪು ಯಾರದು ಅಪ್ಪ? ಆ ಮನುಷ್ಯ ಕೇಳಿದ್ದರಲ್ಲಿ ಒಂದಾದರೂ ಅನ್ಯಾಯ ಇತ್ತಾ?

ನೀನು ಜಾಮೀನಿನ ಮೇಲೆ ಹೊರಗೆ ಬರುವಷ್ಟರಲ್ಲಿ ನಾನು ಲೈಸೆನ್ಸಿಗೆ ಅರ್ಜಿ ಹಾಕಿಯಾಗಿತ್ತು. ನಿನ್ನ ಹೆಸರಲ್ಲಿ ಕೊಡುವುದಿಲ್ಲ ಅಂದರು, ಯಾರು ಕೊಡುತ್ತಾರೆ ಹೇಳು, ಅದಕ್ಕೆ ನನ್ನ ಹೆಸರಲ್ಲಿ ಹಾಕಿದೆ. ಗೋಡೆಗೆ ಸುಣ್ಣ ಬಳಿಸಿದೆ, ಕಿಟಕಿಗೆ ಜಾಲರಿ ಹೊಡೆಸಿದೆ, ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿಸಿದೆ, ಅಡುಗೆಯವರನ್ನೆಲ್ಲ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಗಂಡನನ್ನು ಬಿಟ್ಟು ಬಂದವಳಿಗೆ ಹೋಟೆಲು ಬೇರೆ ಕೇಡು ಅಂತ ಬಸ್ ಸ್ಟ್ಯಾಂಡೆಲ್ಲ ನಕ್ಕಿತು. ನೀನು ಬಂದವನು ಗೋಡೆ ಮೇಲೆ ಬರೆಸಿದ್ದ ನನ್ನ ಹೆಸರು ನೋಡಿ ಕೆನ್ನೆಗೆ ಎಂಥಾ ಏಟು ಕೊಟ್ಟೆ ಅಂದರೆ, ನಾನು ಹೋಗಿ ಸೌದೆ ರಾಶಿ ಮೇಲೆ ಬಿದ್ದೆ. ನಾನೂ ನಿನ್ನ ಮಗಳೇ ಅಲ್ಲವಾ? ಕೈಗೆ ಸಿಕ್ಕ ಸೌದೆ ಬೀಸಿದೆ, ನಿನ್ನ ಮೊಣಕೈಗೆ ತಗುಲಿತು. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಕಸಾಯಿಖಾನೆಗೆ ನೀನು ಮೊದಲ ದಿನ ಕುರಿ ಹೊಡೆದುಕೊಂಡು ಹೋದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ದಾರಿಯುದ್ದಕ್ಕೂ ಡಾಕ್ಟರ ಅಪ್ಪ, ಅಜ್ಜ, ಮುತ್ತಜ್ಜ ಯಾರನ್ನೂ ಬಿಡದೆ ಬೈದೆ. ಸೀಲು ಒತ್ತಿದ ನೇರಳೆ ಬಣ್ಣದ ತುಂಡನ್ನು ಕೆತ್ತಿ ನಾಯಿಗೆ ಎಸೆದೆ. ಆಮೇಲೆ ಏನಾಯಿತು? ಪಕ್ಕದ ಹೋಟೆಲಿನಲ್ಲಿ ತಿಂದವರಿಗೆ ವಾಂತಿಭೇದಿ ಆಯಿತು, ಗಿರಾಕಿಗಳು ಬಂದು ಸೀಲು ಎಲ್ಲಿ ಅಂತ ನಮ್ಮನ್ನು ಕೇಳತೊಡಗಿದರು. ಅವತ್ತಿನಿಂದ ನೀನು ಸೀಲು ಬಿದ್ದ ತೊಡೆಯನ್ನು ಬಾಗಿಲಿಗೇ ನೇತು ಹಾಕಿದೆ, ನೊಣ ಕೂರದ ಹಾಗೆ ಮೇಲೆ ತೆಳು ಬಟ್ಟೆ. ಯಾರಾದರೂ ಮುಟ್ಟಿ ನೋಡಿದರೆ ಅವರಿಗೂ ಏಟು. ಆದರೆ ನನಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಲಿಲ್ಲ ನೀನು. ಹೇಳಿದ್ದರೆ ಗಂಟೇನು ಹೋಗುತ್ತಿತ್ತು?

ಬೋರೇಗೌಡರ ದೊಡ್ಡ ಮಗನ ಬೀಗರೂಟದ ಬೆಳಿಗ್ಗೆ ಬಿಂಡಿಗನವಿಲೆಯಿಂದ ಚೆಲುವ ಮಾವ ಕುರಿ ತಂದಿದ್ದ. ಅವ್ವನ ತಮ್ಮ, ನಮಗೆ ಕುರಿ ಕೊಡುತ್ತಿದ್ದವನೂ ಅವನೇ. ಮಳೆ ಹಿಡಿದ ಕಾಲ, ಮಂದೆಗೆ ರೋಗ ಬಿದ್ದಿತ್ತು. ಕಸಾಯಿಖಾನೆಯಲ್ಲಿ ಡಾಕ್ಟರು ನೋಡಿ, ಅರ್ಧಕ್ಕರ್ಧ ಕುರಿಗಳಿಗೆ ಜ್ವರ ಇದೆ, ಮೂಗಲ್ಲಿ ನೊರೆ ಇದೆ, ಇವನ್ನು ಕುಯ್ಯುವ ಹಾಗಿಲ್ಲ ಅಂದರು. ಬೇರೆ ಕುರಿ ಹುಡುಕಲು ಹೊತ್ತಿರಲಿಲ್ಲ, ಸುತ್ತಲ ಊರುಗಳಲ್ಲೆಲ್ಲ ಅದೇ ರೋಗ. ಬೀಗರೂಟದಲ್ಲಿ ಬಾಡು ಸಾಲದೆ ಹೋಗುವುದು ಅಂದರೆ ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಬೀಗರು ಸಾಕು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡಿಯುವ ತನಕ ಬಡಿಸಬೇಕು, ಇಲ್ಲದಿದ್ದರೆ ಕರೆದವರ ಮರ್ಯಾದೆ ಹೋಯಿತು. ಅದಕ್ಕಾಗಿ ತಲೆ ಒಡೆದುಕೊಂಡವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಚೆಲುವ ಮಾವ ಆ ಕುರಿಗಳನ್ನು ಸದ್ದಿಲ್ಲದೆ ನಮ್ಮ ಹಿತ್ತಿಲಿಗೆ ತಂದು ಬಿಟ್ಟ. ಪ್ರಾಣ ಹೋಗುವ ಮುಂಚೆ ಕತ್ತು ಕುಯ್ದರೆ ಯಾವ ರೋಗವೂ ರಕ್ತದ ಜೊತೆ ಹೋಗುತ್ತದೆ, ಹಳ್ಳಿಯಲ್ಲೆಲ್ಲ ಹಾಗೇ ತಿನ್ನುವುದು, ಮಸಾಲೆ ಬಿದ್ದ ಮೇಲೆ ಯಾವನಿಗೆ ಗೊತ್ತಾಗುತ್ತದೆ ಅಂದ. ನೀನು ಮಚ್ಚು ತೆಗೆದುಕೊಂಡೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನೀನು ಕುಯ್ದೇ ಬಿಡುತ್ತೀಯ ಅಂದುಕೊಂಡೆ ಅಪ್ಪ, ಸುಳ್ಳು ಯಾಕೆ ಹೇಳಲಿ. ನೀನು ಕುರಿಯ ಕಡೆ ಹೋಗಲಿಲ್ಲ. ಮಾವನ ಬಾಯಿಗೆ ಮಚ್ಚಿನ ಹಿಡಿಯಿಂದ ಗುದ್ದಿದೆ. ಹಲ್ಲು ಮುರಿದು ಬಾಯಿ ತುಂಬ ರಕ್ತ ಬಂದು ಅವನು ಗೋಡೆಗೆ ಒರಗಿದ. ಅವನ ಕತ್ತಿಗೆ ಮಚ್ಚು ಇಟ್ಟು ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. 'ನನ್ ಮಗ್ಳ ಎಸ್ರಲ್ಲಿ ಲೈಸೆನ್ಸೈತೆ ಕಣ್ಲಾ. ಅದ್ಕೆ ಮಸಿ ಬಳಿಯಕ್ಕೆ ಬಂದ್ರೆ ಇಲ್ಲೇ ಕುಯ್ದಾಕ್ಬುಡ್ತೀನಿ.' ಆಮೇಲೆ ನನ್ನ ಕಡೆ ನೋಡದೆ, ಸೀಲು ಬಿದ್ದಿದ್ದ ಅರ್ಧ ಬಾಡನ್ನಷ್ಟೇ ಟೆಂಪೋಗೆ ತುಂಬಿಸು ಅಂತ ಗದರಿಸಿದೆ.

ಹೊಸಹೊಳಲಿಗೆ ಹೋಗುತ್ತಲೇ ನೀನು ಬೋರೇಗೌಡರನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೆವರೊರೆಸಿಕೊಂಡು, ಯಾರಿಗೂ ಹೇಳಬೇಡ, ಸಾರು ಜಾಸ್ತಿ ಮಾಡು, ನಿಧಾನವಾಗಿ ಬಡಿಸು ಅಂದರು. ಮೊದಲ ಪಂಕ್ತಿ ಹೇಗೋ ಕಳೆಯಿತು. ಎರಡನೆಯದರಲ್ಲಿ ಮದುವೆ ಹುಡುಗಿಯ ಸೋದರಮಾವ, ಕೆ.ಆರ್. ಪೇಟೆಯ ರಾಜಣ್ಣ, ಕುಡಿದು ಕೂತಿದ್ದವನು, ಎಲೆಯಲ್ಲಿದ್ದ ಮೂಳೆಯನ್ನು ಎತ್ತಿ ಬೋರೇಗೌಡರ ಮುಖಕ್ಕೆ ಎಸೆದ. ಹೆಣ್ಣು ಕೊಟ್ಟವರನ್ನು ಕರೆದು ನಾಯಿಗೆ ಹಾಕಿದ ಹಾಗೆ ಮೂಳೆ ಹಾಕುತ್ತೀಯಾ ಅಂತ ಕೂಗಿದ. ಪಂಕ್ತಿಯೆಲ್ಲ ಎದ್ದು ನಿಂತಿತು. ಬೋರೇಗೌಡರು ಏನು ಮಾಡಿದರು? ತಮ್ಮ ಮುಖ ಒರೆಸಿಕೊಂಡು ನಿನ್ನ ಕಡೆ ಬೆರಳು ತೋರಿಸಿದರು. ನಾನು ಬೇಕಾದಷ್ಟು ಕುರಿ ಹೇಳಿದ್ದೆ, ಇವನೇ ಬಾಡು ಕದ್ದು ಮಾರಿಕೊಂಡಿದ್ದಾನೆ ಅಂದರು.

ಬೇರೆ ಯಾವ ಬೈಗುಳ ಆಗಿದ್ದರೂ ನೀನು ಬೈಗುಳದಲ್ಲೇ ತೀರಿಸುತ್ತಿದ್ದೆಯೋ ಏನೋ. ಡಾಕ್ಟರು ಬೇಡ ಅಂದ ಕುರಿ ಅಂತ ಹೇಳಲು ಹೋದೆ, ರಾಜಣ್ಣನೂ ಅವನ ಕಡೆಯವರೂ ನಕ್ಕರು. ಸಾರಿನ ಬಕೆಟ್ಟನ್ನೇ ಬೀಸಿ ರಾಜಣ್ಣನ ದವಡೆಗೆ ಹೊಡೆದೆ. ಬಿಸಿ ಸಾರು ಬಿದ್ದವರೆಲ್ಲ ಒಟ್ಟಿಗೆ ನಿನ್ನ ಮೇಲೆ ಬಿದ್ದರು. ಎಲೆ ತುಳಿದು ಮುದ್ದೆ ತುಳಿದು ಜಾರಿ ಬಿದ್ದು ಎದ್ದು ಹೊಡೆದರು. ನಾನು ಒಬ್ಬನ ಕೈ ಕಚ್ಚಿದೆ, ಇನ್ನೊಬ್ಬನ ಬೆನ್ನಿಗೆ ಸೌಟು ಮುರಿದೆ, ನನ್ನ ಜುಟ್ಟು ಹಿಡಿದು ಎಳೆದವನ ಮುಖ ಪರಚಿದೆ. ಅಷ್ಟರಲ್ಲಿ ರಾಜಣ್ಣ ಒಲೆಯಿಂದ ಉರಿಯುತ್ತಿದ್ದ ಸೌದೆ ಎಳೆದು ನಿನ್ನ ತಲೆಗೆ... ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ಕೂದಲು ಸುಟ್ಟ ವಾಸನೆಯೂ ಹೋಗಿಲ್ಲ.

ಟೆಂಪೋದಲ್ಲಿ ಪಾತ್ರೆಗಳ ಮಧ್ಯೆ ನಿನ್ನನ್ನು ಮಲಗಿಸಿಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟೆ. ಪಾಂಡವಪುರ ದಾಟಿದ ಮೇಲೆ ನೀನು ಕಣ್ಣು ಬಿಟ್ಟೆ. ನೀರು ಕೇಳುತ್ತೀಯ, ಅವ್ವನನ್ನು ಕೇಳುತ್ತೀಯ ಅಂತ ಬಗ್ಗಿದೆ. ನೀನು, 'ಆ ನನ್ಮಗನ್ಗೆ ಇನ್ನೊಂದೇಟು ಬುಡ್ಬೇಕಿತ್ತು ಕಣಮ್ಮಿ' ಅಂದೆ. ಬಾಬುರಾಯನಕೊಪ್ಪಲಿನ ಹತ್ತಿರ ನಿನ್ನ ಕೈ ತಣ್ಣಗಾಯಿತು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನಾನು ಡ್ರೈವರಿಗೆ ಹೇಳಲಿಲ್ಲ. ಹೇಳಿದರೆ ಗಾಡಿ ನಿಲ್ಲಿಸುತ್ತಾನೆ, ನಿಲ್ಲಿಸಿದರೆ ನಿಜವಾಗುತ್ತದೆ ಅನ್ನಿಸಿತ್ತು.

ಕೋರ್ಟಿನಲ್ಲಿ ಪಂಕ್ತಿಯಲ್ಲಿದ್ದವರೆಲ್ಲ ಒಂದೇ ಮಾತು ಹೇಳಿದರು. ಕುಡಿದಿದ್ದ, ಜಾರಿ ಒಲೆಕಲ್ಲಿನ ಮೇಲೆ ಬಿದ್ದ ಅಂತ. ನೀನು ಕುಡಿಯುತ್ತಿರಲಿಲ್ಲ, ಕುಡಿಯದೆಯೇ ಅಷ್ಟು ಆಡುತ್ತಿದ್ದೆ. ರಾಜಣ್ಣ ಬಿಡುಗಡೆಯಾಗಿ ಹಾರ ಹಾಕಿಸಿಕೊಂಡು ಊರಿಗೆ ಹೋದ. ನಮ್ಮ ಹೋಟೆಲಿಗೆ ಬಂದು ಕೂತವರು, ಕೆಂಪಣ್ಣ ಇಲ್ಲವಲ್ಲ, ಈಗಲಾದರೂ ತುಂಡು ಜಾಸ್ತಿ ಹಾಕವ್ವ ಅಂತ ನಗುತ್ತಿದ್ದರು. ಅಂಥ ಇಬ್ಬರನ್ನು ನಾನು ಕತ್ತು ಹಿಡಿದು ರಸ್ತೆಗೆ ನೂಕಿದ್ದೇನೆ. ನಿನ್ನ ಗುಣ ಎಲ್ಲಿಗೆ ಹೋಗುತ್ತದೆ?

ಚೆಲುವ ಮಾವ ಆ ಕುರಿಗಳನ್ನು ಏನು ಮಾಡಿದ ಅಂತ ನಿನಗೆ ಗೊತ್ತಿಲ್ಲ. ಅವತ್ತೇ ವಾಪಸ್ಸು ಹೊಡೆದುಕೊಂಡು ಹೋಗಿ ದಾರಿಯ ಹಳ್ಳಿಯೊಂದರಲ್ಲಿ ಕುಯ್ದು ಮಾರಿದ. ತಿಂದ ಮನೆಗಳಲ್ಲಿ ಹಾಸಿಗೆ ಹಿಡಿದರು, ಒಬ್ಬ ಮುದುಕಿ ಸತ್ತಳು. ಕುಯ್ದ ಮಾವನ ಬೆರಳು ಕಪ್ಪಾಗಿ ಕೊಳೆತು ಆಸ್ಪತ್ರೆಯಲ್ಲಿ ಕತ್ತರಿಸಿದರು. ಈ ವಿಷಯವನ್ನು ಅವನು ಬಾಯಿ ಬಿಟ್ಟದ್ದು ಈಚೆಗೆ. ಸುದ್ದಿ ಹೊಸಹೊಳಲಿಗೂ ಹೋಗಿ, ಬೋರೇಗೌಡರ ಮನೆಯವರು ಹೆದರಿ, ಎರಡನೇ ಮಗನ ಬೀಗರೂಟಕ್ಕೆ ಸೀಲು ಬಿದ್ದ ಬಾಡೇ ಆಗಬೇಕು ಅಂತ ಹಟ ಹಿಡಿದರಂತೆ. ಬೋರೇಗೌಡರು ಬಂದು ನಮ್ಮ ಬಾಗಿಲಲ್ಲಿ ನಿಂತರು. ನಾನು ಮಚ್ಚಿನಿಂದ ಕೈ ತೆಗೆಯದೆ ಒಂದೇ ಮಾತು ಹೇಳಿದೆ. 'ಮಾಡ್ತೀನಿ. ಬಾಡು ಎಲೆಗ್ ಬೀಳಕ್ಕೆ ಮುಂಚೆ ನೀವು ಪಂಕ್ತಿ ಮುಂದೆ ನಿಂತ್ಕಂಡು ನಿಜ ಹೇಳ್ಬೇಕು. ಹೇಳ್ನಿಲ್ಲ ಅಂದ್ರೆ ಪಾತ್ರೆ ಎಲ್ಲಾನೂ ತಿಪ್ಪೆಗೆ ಸುರ್ದ್ಬುಟ್ಟು ಬತ್ತೀನಿ.'

ಹೋದ ವಾರ ಅವರು ಹೇಳಿದರು ಅಪ್ಪ. ಹಳೆಯ ಬೀಗ ಅಂತ ರಾಜಣ್ಣನನ್ನೂ ಕರೆದಿದ್ದರು. ಎಲೆ ಹಾಕಿ, ಮುದ್ದೆ ಇಟ್ಟು, ನಾನು ಬಕೆಟ್ಟು ಹಿಡಿದು ಕಾಯುತ್ತಿದ್ದೆ. ಬೋರೇಗೌಡರು ತಲೆ ತಗ್ಗಿಸಿಕೊಂಡು, ಕೆಂಪಣ್ಣ ಬಾಡು ಕದಿಯಲಿಲ್ಲ, ರೋಗದ ಕುರಿ ಬೇಡ ಅಂತ ಬಿಟ್ಟು ಬಂದು ನನಗೆ ಮೊದಲೇ ತಿಳಿಸಿದ್ದ, ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನೇ ಸುಳ್ಳು ಹೇಳಿದೆ ಅಂದರು. ಯಾರೂ ಮುದ್ದೆ ಮುರಿಯಲಿಲ್ಲ. ರಾಜಣ್ಣನ ತಲೆ ನನ್ನ ಮೊಣಕಾಲಿನ ಹತ್ತಿರವೇ ಇತ್ತು, ಬಕೆಟ್ಟಿನಲ್ಲಿ ಸಾರು ಹಬೆಯಾಡುತ್ತಿತ್ತು. ಸುರಿದುಬಿಡು ಅಂತ ಮೈಯೆಲ್ಲ ಹೇಳುತ್ತಿತ್ತು. ನೀನಾಗಿದ್ದರೆ ಸುರಿಯುತ್ತಿದ್ದೆ, ಅಲ್ಲವಾ? ನಾನು ಸೌಟಿನ ತುಂಬ ಒಳ್ಳೆಯ ತುಂಡುಗಳನ್ನು ತೆಗೆದು ಅವನ ಎಲೆಗೆ ಹಾಕಿದೆ.

ಆಗ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ, ಹೊಸ ಬೀಗರ ಕಡೆಯವಳು, ಹಳೆಯದೇನೂ ಗೊತ್ತಿಲ್ಲದವಳು, ಜೋರಾಗಿ ಕೇಳಿದಳು. 'ಅಂಗಾರೆ ಆವಯ್ಯ ಯಂಗ್ಲಾ ಸತ್ತ?'

ಒಬ್ಬರೂ ಜಾರಿ ಬಿದ್ದ ಅನ್ನಲಿಲ್ಲ ಅಪ್ಪ. ಕೋರ್ಟಿನಲ್ಲಿ ಹೇಳಿದವರೇ ಎಷ್ಟೋ ಜನ ಅಲ್ಲಿ ಕೂತಿದ್ದರು. ಎಲ್ಲರೂ ತಿರುಗಿ ರಾಜಣ್ಣನನ್ನು ನೋಡಿದರು. ಅವನ ಹೆಂಡತಿಯೂ ನೋಡಿದಳು. ಅವನು ಎಲೆ ಮುಟ್ಟದೆ ಎದ್ದು, ಚಪ್ಪಲಿ ಹುಡುಕದೆ ಬರಿಗಾಲಲ್ಲಿ ನಡೆದುಹೋದ. ನಾನು ಬಕೆಟ್ಟು ಎತ್ತಿಕೊಂಡು ಪಕ್ಕದ ಎಲೆಗೆ ಹೋದೆ.