ಅತ್ತೆಯ ಪಾಸ್‌ವರ್ಡ್

9 ಜೂನ್ 2007, ಶನಿವಾರ. ಮಧ್ಯಾಹ್ನ 3

ಬೆಳಿಗ್ಗೆಯಿಂದ ನನ್ನ ಇಂಟರ್‌ನೆಟ್ ಸೆಂಟರ್‌ಗೆ ಬಂದವರು ಐದೇ ಜನ. ಕೈ ಬಿಡುವಿತ್ತು, ಅತ್ತೆಯ ಮೇಲ್ ತೆರೆದೆ. ದೆಹಲಿಯಿಂದ ಪತ್ರ! ಕಳೆದ ತಿಂಗಳು ಎರಡು ಕೌದಿಗಳ ಫೋಟೊ ಕಳಿಸಿದ್ದೆವಲ್ಲ... ಆಯ್ಕೆಯಾಗಿದೆ! ಹಳೇ ಸೀರೆಯ ತುಂಡು ಜೋಡಿಸಿ ಅತ್ತೆ ಹೊಲಿದ ಕೌದಿ ದೆಹಲಿಯ ಪ್ರದರ್ಶನಕ್ಕೆ! ಜೊತೆಗಿರುವ ಫಾರ್ಮ್ ತುಂಬಿ, ಮಂಗಳವಾರ ಸಂಜೆ ಐದರೊಳಗೆ ಇದೇ ಮೇಲ್‌ನಿಂದ ಕಳಿಸಬೇಕು. ತಪ್ಪಿದರೆ ಜಾಗ ಬೇರೆಯವರಿಗೆ. ಎರಡನೇ ಪ್ಯಾರಾಕ್ಕೆ ಬಂದಿದ್ದೆ — ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಕಂಪ್ಯೂಟರ್ ಕಟಕಟ ಅಂದು ಸುಮ್ಮನಾಯಿತು.

ಸಂಜೆ 6

ರಿಪೇರಿ ಗುರುಸಂಗಪ್ಪ ಬಂದ, ಬಿಚ್ಚಿದ, ತಲೆಯಾಡಿಸಿದ. "ಹಾರ್ಡ್‌ಡಿಸ್ಕ್ ಹೋಗೈತ್ರಿ ಅಕ್ಕಾರ. ಒಳಗಿಂದು ಏನೂ ಸಿಗಾಂಗಿಲ್ಲ." ಹೊಸದು ಹೊಸಪೇಟೆಯಿಂದ ಬರಬೇಕು. ಸೋಮವಾರವಂತೆ.

ಆಮೇಲೆ ಹೊಳೆಯಿತು. ಪಾಸ್‌ವರ್ಡ್! ನೆನಪಿಡಲೇ ಎಂದು ಬ್ರೌಸರ್ ಕೇಳಿದಾಗಲೆಲ್ಲ ಎಸ್ ಒತ್ತಿದವಳು ನಾನೇ. ಎರಡು ವರ್ಷದಿಂದ ಅರ್ಧ ಕೊಟ್ಟೂರಿನ ಪಾಸ್‌ವರ್ಡ್ ಆ ಡಬ್ಬಿಯೊಳಗಿತ್ತು. ಅತ್ತೆಯದೂ.

11 ಜೂನ್, ಸೋಮವಾರ

ಹೊಸ ಡಿಸ್ಕ್ ಬಂತು. ಮೇಲ್ ಪೇಜ್ ತೆರೆದರೆ ಪಾಸ್‌ವರ್ಡಿನ ಜಾಗ ಖಾಲಿ. ಫರ್ಗಾಟ್ ಒತ್ತಿದರೆ ಹುಟ್ಟಿದ ತಾರೀಖು ಕೇಳುತ್ತದೆ. ಅತ್ತೆ ಹುಟ್ಟಿದ್ದು ಜೋಳದ ಸುಗ್ಗಿಯಲ್ಲಿ ಎನ್ನುವುದಷ್ಟೇ ಗೊತ್ತು. ಅಕೌಂಟ್ ತೆರೆಯುವಾಗ ಬಾಯಿಗೆ ಬಂದದ್ದೇನೋ ತುಂಬಿದ್ದೆ. ನನ್ನ ಬುದ್ಧಿಗಿಷ್ಟು!

ಅಕೌಂಟ್ ಮಾಡಿದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಯಾರಿಗೂ, ನನಗೂ ಹೇಳಬೇಡಿ ಎಂದು ಆಣೆ ಹಾಕಿಸಿ ಅತ್ತ ತಿರುಗಿ ನಿಂತಿದ್ದೆ. ಅತ್ತೆ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದರು. "ನಮ್ಮ ಮನ್ಯಾಗ ಯಾರ ಬಾಯಾಗೂ ಬರದ ಹೆಸ್ರು ಇಟ್ಟೀನಿ" ಎಂದು ನಕ್ಕಿದ್ದರು.

ಹೆಂಗಸರ ಬಾಯಲ್ಲಿ ಬಾರದ ಹೆಸರು ಇನ್ಯಾವುದು? ಗಂಡನದೇ. ಮಾವನವರ ಹೆಸರು ಒತ್ತಿದೆ — ಮರುಳಪ್ಪ. ತಪ್ಪು. ಇನ್ನೆರಡು ಥರ ಒತ್ತಿದೆ. ಅದೂ ತಪ್ಪು. ಅಕೌಂಟ್ ಲಾಕ್ ಆದೀತೆಂದು ಹೆದರಿ ಕೈಬಿಟ್ಟೆ.

ಅತ್ತೆ ತವರಲ್ಲಿದ್ದಾರೆ, ಬಾಗಳಿಯಲ್ಲಿ, ತಮ್ಮನ ಬಸುರಿ ಮಗಳ ಕುಬುಸದ ಕಾರ್ಯಕ್ಕೆ. ಅಲ್ಲಿಯ ಪಕ್ಕದ ಮನೆಗೆ ಫೋನ್ ಮಾಡಿ ಕರೆಸಿದೆ. ದೆಹಲಿ ಸುದ್ದಿಗೆ "ಹೌದಾ? ಖರೇನಾ?" ಎಂದು ಮೂರು ಸಲ ಕೇಳಿದರು. ಪಾಸ್‌ವರ್ಡ್ ಕೇಳಿದರೆ ಮಾತ್ರ, "ನೀನ ಆಣಿ ಹಾಕ್ಸಿದ್ದಿ, ಈಗ ನೀನ ಕೇಳ್ತಿಯಲ್ಲ! ಹೇಳಾಂಗಿಲ್ಲವಾ. ನಾಳೆ ಕಾರ್ಯ ಮುಗಿದಮ್ಯಾಲೆ ಬಂದು ನಾನ ಒತ್ತತೀನಿ."

ಕಾರ್ಯ ಮುಗಿದು ಕೊಟ್ಟೂರಿಗೆ ಬರುವಷ್ಟರಲ್ಲಿ ಐದು ಗಂಟೆ ಎಲ್ಲಿ ಉಳಿಯುತ್ತದೆ? ನಾನೇ ಹೋಗುತ್ತೇನೆ.

12 ಜೂನ್, ಮಂಗಳವಾರ. ರಾತ್ರಿ ಊಟವಾದ ಮೇಲೆ

ಕ್ರಮವಾಗಿ ಬರೆಯಬೇಕು.

ಹರಪನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಬಾಗಳಿಗೆ ಇನ್ನೊಂದು. ಮುಟ್ಟಿದಾಗ ಎರಡೂಕಾಲು. ಮನೆಯೊಳಗೆ ಬಸುರಿಗೆ ಆರತಿ ನಡೆದಿತ್ತು. ಕಟ್ಟೆಯ ಮೇಲಿದ್ದ ಮುದುಕಿ ನನ್ನ ಗುರುತು ಕೇಳಿ ಒಳಗೆ ಕೂಗಿತು: "ಏ ಕಲ್ಲೀ! ಕಲ್ಲವ್ವಾ! ನಿನ್ನ ಸೊಸಿ ಬಂದಾಳ ನೋಡಬೇ!"

ಯಾವ ಕಲ್ಲವ್ವ ಎಂದು ನೋಡುತ್ತ ನಿಂತೆ. "ಬಂದ್ನಬೇ" ಎನ್ನುತ್ತ ಎದ್ದು ಬಂದವರು ಅತ್ತೆ! ಈ ಮನೆಗೆ ಸೊಸೆಯಾಗಿ ಆರು ವರ್ಷ. ದಾಕ್ಷಾಯಣಮ್ಮ ಬಿಟ್ಟು ಬೇರೆ ಹೆಸರು ಕೇಳಿದವಳೇ ಅಲ್ಲ.

"ಅತ್ತೀ... ಪಾಸ್‌ವರ್ಡ್ ಇದೇನ್ರೀ?"

ಓಡಿ ಬಂದು ನನ್ನ ಬಾಯಿ ಮುಚ್ಚಿದರು. ಆರತಿ ಮುಗಿದೊಡನೆ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ ಕಿವಿಯ ಹತ್ತಿರ ಬಂದು ಹೇಳಿದರು. "ಮದ್ವಿ ದಿನ ನಮ್ಮತ್ತಿ ಹೆಸ್ರು ಬದ್ಲ ಮಾಡಿದ್ರು. ಕಲ್ಲವ್ವ ಅಂದ್ರ ಹಳ್ಳಿ ಹೆಸ್ರು, ಬ್ಯಾಡ ಅಂದ್ರು. ಆವತ್ತಿಂದ ಆ ಮನ್ಯಾಗ ಯಾರೂ ಅಂದಿಲ್ಲ."

ಕೇಳಿ ಸಂಕಟವಾಯಿತು. ನಾನೂ ಒಮ್ಮೆಯೂ ಕೇಳಿರಲಿಲ್ಲವಲ್ಲ.

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಸೆಂಟರ್. ನಾಲ್ಕೂ ಹತ್ತು. ಗೊತ್ತಿದ್ದರೂ ಮುಖ ತಿರುಗಿಸಿ ನಿಂತೆ. ಅತ್ತೆ ಒಂದೊಂದೇ ಅಕ್ಷರ ಒತ್ತಿದರು. ತೆರೆಯಿತು! ಚಪ್ಪಾಳೆ ಹೊಡೆದುಬಿಟ್ಟೆ, ಸೆಂಟರ್‌ನವನು ಎದ್ದು ನಿಂತ.

ಫಾರ್ಮಿನಲ್ಲಿ ಮೊದಲ ಸಾಲು, ಕಲಾವಿದರ ಹೆಸರು. ದಾಕ್ಷಾಯಣಮ್ಮ ಎಂದು ಶುರು ಮಾಡಿದೆ. ಅತ್ತೆ ನನ್ನ ಕೈ ಹಿಡಿದರು.

"ಕಲ್ಲವ್ವ ಅಂತ ಬರಿ."

"ರೇಷನ್ ಕಾರ್ಡ್‌ನಾಗ ಬ್ಯಾರೆ ಐತಲ್ರೀ?"

"ಇರಲಿ. ಕೇಳಿದ್ರ ಹೇಳೋಣಂತ. ನಮ್ಮವ್ವ ಸೂಜಿ ಹಿಡ್ಯೋದು ಕಲಿಸಿದ್ದು ಕಲ್ಲವ್ವಗ."

ಅಳಿಸಿ ಬರೆದೆ. ನಾಲ್ಕೂ ಮೂವತ್ತೆಂಟಕ್ಕೆ ಕಳಿಸಿದೆ. ಇಬ್ಬರೂ ಮಿರ್ಚಿ ತಿಂದೆವು, ಎರಡೆರಡು ಪ್ಲೇಟ್!

13 ಜೂನ್, ಬುಧವಾರ. ಬೆಳಿಗ್ಗೆ 10

ಉತ್ತರ ಬಂತು! ಇಬ್ಬರ ರೈಲು ಟಿಕೆಟ್ ಖರ್ಚು ಅವರದೇ. ಪ್ರಿಂಟ್ ತೆಗೆದು ಕುಣಿಯುತ್ತ ಮನೆಯೊಳಗೆ ಓಡಿ ಮಾವನವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು.

"ಶ್ರೀಮತಿ ಕಲ್ಲವ್ವ ಅಂತ ಐತಲ್ಲ. ಬ್ಯಾರೆಯವರ್ದು ಬಂದೈತೇನು? ಯಾರವಾ ಈಕಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ನಾನ್ರಿ" ಅಂದರು.

ಮಾವ ಕಾಗದ ನೋಡಿದರು, ಅತ್ತೆಯನ್ನು ನೋಡಿದರು. ಕನ್ನಡಕ ತೆಗೆದರು. ಆಮೇಲೆ ಮೆಲ್ಲಗೆ, "ಕಲ್ಲವ್ವಾ" ಎಂದು ಕರೆದರು.